ಎಲ್ಲರೂ ಬಂದಿಲ್ಲ

ಪ್ರೀತಿಯ ಗೆಳೆಯಾ,

‘ಎಂಎಸ್ಸಿಯಲ್ಲಿ ಲಾಜಿಕ್ ತಗೊಂಡಿದ್ದೀಯಂತೆ, ಇನ್ನು ನಿನ್ನ ಜೊತೆ ಜಗಳ ಆಡೋಕಾಗಲ್ಲ ಬಿಡು’ ಅಂತ ಬರೆದಿದ್ದೆಯಲ್ಲ, ಹೆದರಬೇಡ. ಈ ಆರು ತಿಂಗಳಲ್ಲಿ ಮನೆಯಲ್ಲಿ ಒಂದು ವಾದವನ್ನೂ ಗೆದ್ದಿಲ್ಲ. ಅಮ್ಮನ ಹತ್ತಿರವಂತೂ ಮೊದಲಿಗಿಂತ ಜಾಸ್ತಿ ಸೋಲುತ್ತಿದ್ದೇನೆ.

ರಜೆಗೆ ಸುಂಟಿಕೊಪ್ಪಕ್ಕೆ ಬಂದಿದ್ದೇನೆ. ರೋಬಸ್ಟಾ ಕೊಯ್ಲು ಜೋರಾಗಿದೆ, ಕಣದ ತುಂಬ ಕಾಫಿ. ಮೊನ್ನೆ ಬೆಳಿಗ್ಗೆ ಮಂಜು ಇನ್ನೂ ಕರಗಿರಲಿಲ್ಲ, ಮೇಸ್ತ್ರಿ ಬಂದು ‘ಇವತ್ತು ಎಲ್ಲರೂ ಬಂದಿಲ್ಲ’ ಅಂದರು. ಅಪ್ಪ ‘ಸರಿ, ಹಾಗಾದ್ರೆ ಕೆಳಗಿನ ತೋಟ ಮಾತ್ರ ಕುಯ್ಸಿ’ ಅಂತ ಹೇಳಿ ಒಳಗೆ ಹೋದರು. ನಾನು ಅಲ್ಲೇ ನಿಂತುಬಿಟ್ಟೆ. ಎಲ್ಲರೂ ಬಂದಿಲ್ಲ ಅಂದರೆ ಏನು? ಒಬ್ಬರೂ ಬಂದಿಲ್ಲ ಅಂತಲೂ ಆಗಬಹುದು, ಕೆಲವರು ಬಂದಿಲ್ಲ ಅಂತಲೂ ಆಗಬಹುದು. ತರಗತಿಯಲ್ಲಿ ಇವೆರಡಕ್ಕೂ ಬೇರೆ ಬೇರೆ ಸೂತ್ರ ಬರೆಯಬೇಕು. ‘ಇಲ್ಲ’ವನ್ನು ‘ಎಲ್ಲ’ದ ಹೊರಗಿಟ್ಟರೆ ಒಂದರ್ಥ, ಒಳಗಿಟ್ಟರೆ ಇನ್ನೊಂದು. ಮೊದಲ ಟೆಸ್ಟಿನಲ್ಲಿ ನನಗೆ ಅಂಕ ಹೋಗಿದ್ದು ಇಲ್ಲೇ. ಅಪ್ಪನಿಗೆ ಮೇಸ್ತ್ರಿಯ ದನಿಯೇ ಸಾಕಾಯಿತು.

ಕಣದಲ್ಲಿ ಕಾಫಿ ಕೆದಕುತ್ತಾ ಇಡೀ ದಿನ ಅದನ್ನೇ ಯೋಚಿಸಿದೆ. ಆಗ ಹೊಳೆದದ್ದನ್ನು ಯಾರಿಗಾದರೂ ಹೇಳಲೇಬೇಕು, ಅದಕ್ಕೇ ಈ ಪತ್ರ.

ನಮ್ಮ ಪುಸ್ತಕದಲ್ಲಿ ಎರಡು ಚಿಹ್ನೆಗಳು ಪುಟಪುಟಕ್ಕೂ ಬರುತ್ತವೆ. ತಲೆಕೆಳಗಾದ ಇಂಗ್ಲಿಷಿನ ‘ಎ’ ಅಂದರೆ ಎಲ್ಲ. ಹಿಂದುಮುಂದಾದ ‘ಇ’ ಅಂದರೆ ಒಂದಾದರೂ ಇದೆ. ‘ಎಲ್ಲ’ ಅನ್ನೋದು ಒಂದು ಉದ್ದನೆಯ ‘ಮತ್ತು’, ‘ಒಂದಾದರೂ’ ಅನ್ನೋದು ಒಂದು ಉದ್ದನೆಯ ‘ಅಥವಾ’ ಅಂತ ಮೇಷ್ಟ್ರು ಹೇಳಿದ್ದರು. ಸುಮ್ನೆ ಬರೆದುಕೊಂಡಿದ್ದೆ. ಈಗ ಕನ್ನಡ ನೋಡು. ‘ಅಪ್ಪನೂ ಅಮ್ಮನೂ’ ಅನ್ನುವಾಗ ಆ ‘ಊ’ ಮಾಡೋದು ‘ಮತ್ತು’ವಿನ ಕೆಲಸ. ‘ಕಾಫಿಯೋ ಟೀಯೋ’ ಅನ್ನುವಾಗ ‘ಓ’ ಮಾಡೋದು ‘ಅಥವಾ’ದ ಕೆಲಸ. ಅದೇ ‘ಊ’ ‘ಎಲ್ಲರೂ’ ಅನ್ನೋದರ ಬಾಲದಲ್ಲಿ ಕೂತಿದೆ. ಅದೇ ‘ಓ’ ‘ಯಾರೋ’ ಅನ್ನೋದರಲ್ಲಿದೆ. ಯಾರೋ ಬಂದರು ಅಂದರೆ ಇವರೋ, ಅವರೋ, ಮತ್ತೊಬ್ಬರೋ! ಇಂಗ್ಲಿಷಿನ ‘ಆಲ್’ಗೂ ‘ಆಂಡ್’ಗೂ ಇಂಥ ನಂಟು ಮೇಲ್ನೋಟಕ್ಕೆ ಕಾಣೋದಿಲ್ಲ. ನಮ್ಮಜ್ಜಿ ಶಾಲೆ ಮೆಟ್ಟಿಲು ಹತ್ತದೆ ದಿನವಿಡೀ ಅದನ್ನೇ ಆಡುತ್ತಿದ್ದರು. (ಪೇಟೆಯಲ್ಲಿ ಮಲಯಾಳಿ ಅಂಗಡಿಯವರನ್ನೂ ಕೇಳಿದೆ. ಅವರಲ್ಲಿ ‘ಎಲ್ಲಾರುಂ’, ‘ಆರೋ’ ಅಂತೆ. ಸಕ್ಕರೆ ಕಟ್ಟುತ್ತಿದ್ದವರು ನನ್ನನ್ನೊಮ್ಮೆ ವಿಚಿತ್ರವಾಗಿ ನೋಡಿದರು.)

ತೋಟದ ಕೆಲಸದವರಾದರೆ ‘ಇವರೂ ಅವರೂ’ ಅಂತ ಎಣಿಸಿ ಮುಗಿಸಬಹುದು. ಸಂಖ್ಯೆಗಳು ಮುಗಿಯೋದೇ ಇಲ್ಲ, ಆ ‘ಊ’ ಎಳೆದಷ್ಟೂ ಉದ್ದ. ಕರ್ಟ್ ಗೊಡೆಲ್ ಅಂತ ಒಬ್ಬ ತರ್ಕಶಾಸ್ತ್ರಜ್ಞ 1931ರಲ್ಲಿ ಪ್ರಕಟಿಸಿದ್ದು ಇದಕ್ಕೇ ಬಂದು ನಿಲ್ಲುತ್ತದೆ. ಅಂಕಗಣಿತಕ್ಕೆ ಸಾಕಾಗುವಷ್ಟು ನಿಯಮ ಮಾಡಿಕೋ. ಯಂತ್ರ ಕೂಡ ಪರೀಕ್ಷಿಸುವಷ್ಟು ಸ್ಪಷ್ಟವಾಗಿರಲಿ, ಒಂದಕ್ಕೊಂದು ಹೊಡೆದಾಡದಿರಲಿ. ಆಗ ಸಂಖ್ಯೆಗಳಿಗೆ ಒಂದು ಗುಣ ಸಿಗುತ್ತದೆ: 0ಗೆ ಅದು ಇದೆ ಅಂತ ಸಾಧಿಸಬಹುದು, 1ಕ್ಕೂ, 2ಕ್ಕೂ, ನೀನು ಯಾವ ಸಂಖ್ಯೆ ಕೊಟ್ಟರೂ ಸಾಧಿಸಬಹುದು. ಆದರೆ ‘ಎಲ್ಲ ಸಂಖ್ಯೆಗೂ ಇದೆ’ ಅನ್ನೋದನ್ನು ಅದೇ ನಿಯಮಗಳಿಂದ ಸಾಧಿಸೋಕಾಗೋದಿಲ್ಲ! ಮೊದಲ ಸಲ ಕೇಳಿದಾಗ ಮೋಸ ಅನಿಸಿತು. ಅದರ ಪ್ರೂಫ್ ಪೂರ್ತಿ ತಲೆಗೆ ಹತ್ತಿದೆ ಅಂತ ನಿನಗೆ ಸುಳ್ಳು ಹೇಳಲ್ಲ. ವಾಕ್ಯಕ್ಕೇ ಒಂದು ಸಂಖ್ಯೆ ಕೊಟ್ಟು, ವಾಕ್ಯ ತನ್ನ ಬಗ್ಗೆ ತಾನೇ ಮಾತಾಡುವ ಹಾಗೆ ಮಾಡುತ್ತಾರೆ ನೋಡು, ಅಲ್ಲಿ ಇನ್ನೂ ನೋಟ್ಸ್ ತೆಗೆಯಬೇಕು. 1930ರ ಸೆಪ್ಟೆಂಬರಿನಲ್ಲಿ ಆಗಿನ ಜರ್ಮನಿಯ ಕೋನಿಗ್ಸ್‌ಬರ್ಗ್‌ ಊರಿನ ಸಭೆಯಲ್ಲಿ ಇದನ್ನು ಮೊದಲು ಬಾಯಿಬಿಟ್ಟಾಗ ಗೊಡೆಲ್‌ಗೆ ಬರೀ 24 ವರ್ಷ. ನಮಗಿಂತ ಒಂದೇ ವರ್ಷ ದೊಡ್ಡವನು ಕಣೋ.

ಇನ್ನು ನೀನು ನಿನ್ನೆ ಕಳಿಸಿದ ಮೆಸೇಜು. ‘ಶನಿವಾರ ನಾವೆಲ್ಲರೂ ಬರಲ್ಲ.’ ಅಪ್ಪನಿಗೆ ಓದಿ ಹೇಳಿದೆ, ದನಿ ಇಲ್ಲದ ಕಾರಣ ಅವರಿಗೂ ತಿಳಿಯಲಿಲ್ಲ. ಎಷ್ಟು ಜನಕ್ಕೆ ನೂಲುಪುಟ್ಟು ಒತ್ತಬೇಕು ಅಂತ ಅಮ್ಮ ಬೆಳಿಗ್ಗೆಯಿಂದ ಕೇಳುತ್ತಿದ್ದಾರೆ. ಸಂಖ್ಯೆ ಬರಿ.

ನಿನ್ನ
ಗೆಳೆಯ