ಟೈಮಿಂಗ್ ಟೆನ್ಷನರ್ ಮುಂಚೆಯೇ ಬದಲಿಸಿಕೊಡಲು ನಿರಾಕರಿಸಿ ಎಂಜಿನ್ ಹಾಳಾಗಲು ಕಾರಣವಾದ ಬಗ್ಗೆ ದೂರು

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ,
ದ್ವಿಚಕ್ರ ವಾಹನ ತಯಾರಿಕಾ ಕಂಪನಿ

ಇವರಿಂದ,
ತಮ್ಮ ಬೈಕಿನ ಮಾಲೀಕ,
ಬಿಳಿಚೋಡು ಹೋಬಳಿ, ಜಗಳೂರು ತಾಲ್ಲೂಕು, ದಾವಣಗೆರೆ ಜಿಲ್ಲೆ

ವಿಷಯ: ಸವೆದ ಟೆನ್ಷನರನ್ನು (ಎಂಜಿನ್ನಿನ ಟೈಮಿಂಗ್ ಚೈನನ್ನು ಬಿಗಿಯಾಗಿಡುವ ಭಾಗ) ನನ್ನ ಖರ್ಚಿನಲ್ಲೇ ಬದಲಿಸಿಕೊಡಿ ಎಂದು ಕೇಳಿದರೂ ದಾವಣಗೆರೆಯ ತಮ್ಮ ಅಧಿಕೃತ ಸರ್ವಿಸ್ ಸೆಂಟರ್ ಬದಲಿಸದೆ ಇದ್ದದ್ದು, ಅದರಿಂದಾದ ನಷ್ಟದ ಪರಿಹಾರ ಕೋರಿ.

ಮಾನ್ಯರೇ,

ನಾನು ಜಗಳೂರು ತಾಲ್ಲೂಕಿನ ಹಳ್ಳಿಗಳಲ್ಲಿ ಹಸು, ಎಮ್ಮೆಗಳಿಗೆ ಕೃತಕ ಗರ್ಭಧಾರಣೆ ಮಾಡುವ ಕೆಲಸದವನು. ವೀರ್ಯವನ್ನು ತಣ್ಣಗಿಡುವ ನೈಟ್ರೋಜನ್ ಜಾಡಿಯನ್ನು ಹಿಂದೆ ಕಟ್ಟಿಕೊಂಡು ಊರೂರು ತಿರುಗುವುದು ತಮ್ಮ ಕಂಪನಿಯ 150 ಸಿಸಿ ಬೈಕಿನ ಮೇಲೆ. ಬೆಳಿಗ್ಗೆ ಬೆದೆಗೆ ಬಂದ ಹಸುವಿಗೆ ಅಂದು ಸಂಜೆಯೊಳಗೆ, ಸಂಜೆ ಬಂದದ್ದಕ್ಕೆ ಮರುದಿನ ಬೆಳಿಗ್ಗೆ ಗರ್ಭಧಾರಣೆಯ ಇಂಜೆಕ್ಷನ್ ಹಾಕಬೇಕು. ಆ ಹೊತ್ತು ತಪ್ಪಿದರೆ ರೈತ ಮತ್ತೆ ಸುಮಾರು 21 ದಿನ ಕಾಯಬೇಕು. ಅಷ್ಟು ದಿನ ಮೇವು, ಹಿಂಡಿ ಹಾಕುವುದು ತಪ್ಪುವುದಿಲ್ಲ, ಮುಂದೆ ಬರಬೇಕಾದ ಹಾಲು ಅಷ್ಟು ತಡವಾಗುತ್ತದೆ. ಹಾಗಾಗಿ ಗಾಡಿ ಕೈಕೊಡುವ ತನಕ ಕಾಯುವುದು ನನ್ನಂಥವನಿಗೆ ಆಗದ ಮಾತು. ಕೆಡುವ ಸೂಚನೆ ಕೊಟ್ಟ ಭಾಗವನ್ನು ಮೊದಲೇ ಬದಲಿಸಿ ನಿಶ್ಚಿಂತೆಯಿಂದ ಇರಬೇಕು ಎನ್ನುವುದಷ್ಟೇ ನನ್ನ ಬೇಡಿಕೆಯಾಗಿತ್ತು.

ಗಾಡಿ 38,000 ಕಿಲೋಮೀಟರ್ ದಾಟಿದ ಮೇಲೆ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಬೋರಿನ (ಸಿಲಿಂಡರಿನ) ಪಕ್ಕದಿಂದ ಚರಚರ ಸದ್ದು ಬರತೊಡಗಿತು. ಎಂಜಿನ್ ಬಿಸಿಯಾದರೆ ಸದ್ದು ನಿಲ್ಲುತ್ತಿತ್ತು. ಕ್ರಮೇಣ ಬಿಸಿಯಾದ ಮೇಲೂ, ಆಕ್ಸಿಲರೇಟರ್ ಬಿಟ್ಟಾಗ ಕೇಳಿಸತೊಡಗಿತು. ಇದು ಪಿಸ್ಟನ್ನಿನ ಓಟಕ್ಕೆ ತಕ್ಕಂತೆ ವಾಲ್ವುಗಳನ್ನು ತೆರೆದು ಮುಚ್ಚಿಸುವ ಟೈಮಿಂಗ್ ಚೈನಿನ ಸದ್ದು ಎಂದು ನಮ್ಮೂರ ಗ್ಯಾರೇಜಿನವರು ಬರೀ ಕೇಳಿಯೇ ಹೇಳಿದರು. ಚೈನಿನ ಪಿನ್ನುಗಳು ಸವೆದಂತೆ ಚೈನು ಉದ್ದವಾಗುತ್ತದೆ. ಟೆನ್ಷನರಿನ ಸ್ಪ್ರಿಂಗು, ಚೈನಿಗೆ ತಾಗಿರುವ ಪ್ಯಾಡನ್ನು ಒತ್ತಿ ಹಿಡಿದು ಆ ಸಡಿಲನ್ನು ಸರಿದೂಗಿಸಬೇಕು. ಟೆನ್ಷನರ್ ಸಿಕ್ಕಿಹಾಕಿಕೊಂಡರೆ ಚೈನು ಪ್ಯಾಡಿಗೆ ಬಡಿಯುತ್ತದೆ, ಪ್ಯಾಡು ಸೀಳುತ್ತದೆ, ಒಂದು ದಿನ ಚೈನು ಹಲ್ಲು ಹಾರುತ್ತದೆ. 6,000 ಆರ್‌ಪಿಎಂನಲ್ಲಿ ಒಂದೊಂದು ವಾಲ್ವೂ ಸೆಕೆಂಡಿಗೆ 50 ಸಲ ತೆರೆದು ಮುಚ್ಚುತ್ತದೆ. ಆ ವೇಗದಲ್ಲಿ ಟೈಮಿಂಗ್ ತಪ್ಪಿದರೆ ಪಿಸ್ಟನ್ನು ವಾಲ್ವಿಗೆ ಹೊಡೆಯಬಹುದು. ಇದನ್ನು ತಮ್ಮ ಎಂಜಿನಿಯರುಗಳಿಗೆ ನಾನು ವಿವರಿಸಬೇಕಾಗಿಲ್ಲ. ಆದರೆ ತಮ್ಮ ಹೆಸರಿನಲ್ಲಿ ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ ಕೂತವರಿಗೆ ಯಾರೂ ವಿವರಿಸಿಲ್ಲ ಎಂದು ಕಾಣುತ್ತದೆ.

40,000 ಕಿಲೋಮೀಟರಿನ ಸರ್ವಿಸಿಗೆ ದಾವಣಗೆರೆಗೆ ಗಾಡಿ ತಂದಾಗ ಟೆನ್ಷನರ್, ಟೈಮಿಂಗ್ ಚೈನು, ಎರಡೂ ಪ್ಯಾಡು ಹೊಸವು ಹಾಕಿ, ಹಣ ನಾನೇ ಕೊಡುತ್ತೇನೆ, ವಾರಂಟಿ ಕೇಳುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಸರ್ವಿಸ್ ಅಡ್ವೈಸರ್ ಸ್ಟಾರ್ಟ್ ಮಾಡಿ ಕೇಳಿ, "ಈ ಮಾಡೆಲ್‌ಗೆ ಈ ಸೌಂಡ್ ಕಾಮನ್ ಸರ್, ಎಲ್ಲಾ ಗಾಡೀಲೂ ಇರ್ತೈತಿ" ಅಂದರು. ಎಲ್ಲಾ ಗಾಡಿಯಲ್ಲೂ ಇದ್ದರೆ ಎಲ್ಲಾ ಗಾಡಿಯಲ್ಲೂ ಟೆನ್ಷನರ್ ಸೋಲುತ್ತಿದೆ ಎಂದೇ ಅರ್ಥ ಅಲ್ಲವೇ ಎಂದು ಕೇಳಿದ್ದಕ್ಕೆ, "ಫೇಲ್ ಆಗದೆ ಪಾರ್ಟ್ ಹಾಕಾಕ ಕಂಪನಿಯಿಂದ ಪರ್ಮಿಷನ್ ಇಲ್ಲ, ಕೆಟ್ಟ ಮೇಲೆ ತಗೊಂಡ್ ಬರ್ರಿ" ಎಂಬ ಉತ್ತರ ಬಂತು. ಹಾಗಾದರೆ ಭಾಗಗಳನ್ನಾದರೂ ಮಾರಿ, ಬೇರೆಡೆ ಹಾಕಿಸಿಕೊಳ್ಳುತ್ತೇನೆ ಎಂದು ಸ್ಪೇರ್ಸ್ ಕೌಂಟರಿಗೆ ಹೋದರೆ, ಜಾಬ್ ಕಾರ್ಡಿನಲ್ಲಿ ಬರೆಯದ ಎಂಜಿನ್ ಭಾಗಕ್ಕೆ ಆರ್ಡರ್ ಹಾಕುವುದಿಲ್ಲ ಎಂದರು. ಜಾಬ್ ಕಾರ್ಡಿನಲ್ಲಿ ಕೊನೆಗೆ ಬರೆದದ್ದು "ಎಂಜಿನ್ ಶಬ್ದ ಪರಿಶೀಲಿಸಲಾಗಿದೆ, ಸಾಮಾನ್ಯ" ಎಂದು. ಅದೇ ಸಾಲಿನ ಕೆಳಗೆ ಅವರ ಸಹಿ ಇದೆ.

ಗಾಡಿ 43,600 ಕಿಲೋಮೀಟರಿಗೆ ಬಂದಾಗ, ಬಿಳಿಚೋಡಿನಿಂದ ಅಸಗೋಡಿನ ಕಡೆ ಕರೆಯ ಮೇಲೆ ಹೋಗುತ್ತಿದ್ದೆ. ದಾರಿಯಲ್ಲಿ ಟಪ್ ಎಂದು ಸದ್ದಾಗಿ ಎಂಜಿನ್ ನಿಂತಿತು. ಮತ್ತೆ ಸೆಲ್ಫ್ ಒತ್ತಿದರೆ ಮೋಟಾರು ತಡೆಯಿಲ್ಲದೆ ಬರಿದೆ ತಿರುಗಿತು, ಕಂಪ್ರೆಷನ್ನೇ ಇರಲಿಲ್ಲ. ಆ ದಿನ ಕಾಯುತ್ತಿದ್ದ ರೈತನ ಹಸುವಿನ ಹೊತ್ತು ತಪ್ಪಿಹೋಯಿತು. ಗಾಡಿಯನ್ನು ಗೂಡ್ಸ್ ಆಟೋದಲ್ಲಿ ಹೇರಿ ದಾವಣಗೆರೆಗೆ ತಂದೆ.

ಹೆಡ್ ಬಿಚ್ಚಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಎರಡೂ ವಾಲ್ವು ಬಗ್ಗಿದ್ದವು, ಪಿಸ್ಟನ್ನಿನ ತಲೆಯ ಮೇಲೆ ಅರ್ಧಚಂದ್ರದ ಆಕಾರದ ಎರಡು ಗಾಯ. ಟೆನ್ಷನರಿನ ಕೋಲು ಅರ್ಧ ಹೊರಬಂದ ಜಾಗದಲ್ಲೇ ಕಚ್ಚಿಕೊಂಡಿತ್ತು, ಬೆರಳಿನಿಂದ ಒತ್ತಿದರೂ ಎಳೆದರೂ ಅಲ್ಲಾಡಲಿಲ್ಲ. ಒಂದು ಪ್ಯಾಡಿನ ಮೇಲ್ಪದರ ಚೈನಿನ ಅಗಲಕ್ಕೆ ಸರಿಯಾಗಿ ಎರಡು ಸಾಲು ಕೊರೆದುಹೋಗಿ ತುದಿ ಮುರಿದಿತ್ತು. ಆ ತುದಿಯ ಕಪ್ಪು ಚೂರುಗಳು ಆಯಿಲ್ ಜಾಲರಿಯಲ್ಲಿ ಸಿಕ್ಕಿದವು. ಇನ್ನಷ್ಟು ದಿನ ಓಡಿದ್ದರೆ ಆಯಿಲ್ ಹರಿಯುವುದೇ ಕಟ್ಟಿ ಕ್ರ್ಯಾಂಕ್ ಬೇರಿಂಗೂ ಹೋಗುತ್ತಿತ್ತು ಎಂದು ತಮ್ಮ ಮೆಕ್ಯಾನಿಕ್ಕೇ ಹೇಳಿದರು. ಅವರ ಕೆಲಸದ ಬಗ್ಗೆ ನನಗೆ ದೂರಿಲ್ಲ. ಅಚ್ಚುಕಟ್ಟಾಗಿ ಕಟ್ಟಿಕೊಟ್ಟಿದ್ದಾರೆ.

ಬಿಲ್ಲು ಆದದ್ದು 12,400 ರೂಪಾಯಿ. ಅದರಲ್ಲಿ ಟೆನ್ಷನರ್, ಚೈನು, ಪ್ಯಾಡು ಎಲ್ಲಾ ಸೇರಿ 1,750 ರೂಪಾಯಿ. ಉಳಿದದ್ದು ವಾಲ್ವು, ಗೈಡು, ಪಿಸ್ಟನ್ನು, ಗ್ಯಾಸ್ಕೆಟ್ಟು ಮತ್ತು ಕೂಲಿ. ಆ 1,750 ರೂಪಾಯಿ ಮತ್ತು ಅದನ್ನು ಹಾಕುವ ಕೂಲಿಯನ್ನು ಮೊದಲೇ ಕೊಡಲು ತಯಾರಿದ್ದವನು ನಾನು, ಈಗಲೂ ಅದನ್ನು ವಾಪಸ್ ಕೇಳುತ್ತಿಲ್ಲ.

ಇನ್ನೊಂದು ವಿಷಯವನ್ನು ತಾವು ವಿಶೇಷವಾಗಿ ಗಮನಿಸಬೇಕು. ಹೊಸ ಟೆನ್ಷನರಿನ ಪ್ಯಾಕೆಟ್ ಮೇಲಿನ ಪಾರ್ಟ್ ನಂಬರು ಹಳೆಯದಕ್ಕಿಂತ ಬೇರೆ, ಕೊನೆಯ ಅಕ್ಷರ ಬದಲಾಗಿದೆ. ಸ್ಪ್ರಿಂಗ್ ಹಳೆಯದಕ್ಕಿಂತ ದಪ್ಪಗಿದೆ. ಹಳೆಯದು ನಿಂತುಹೋಗಿದೆ, ಈಗ ಇದೇ ಬರುವುದು ಎಂದು ಸ್ಪೇರ್ಸಿನವರು ಹೇಳಿದರು. ಅಂದರೆ ಹಳೆಯ ಭಾಗ ಸೋಲುತ್ತದೆ ಎಂದು ತಮಗೆ ತಿಳಿದೇ ಬದಲಿಸಿದ್ದೀರಿ ಎಂದು ನಾನು ತಿಳಿಯಬೇಕಾಗಿದೆ. ಬೇರೆ ಕಾರಣವಿದ್ದರೆ ಬರೆದು ತಿಳಿಸಿ. ತಿಳಿದಿದ್ದರೆ, ಹಳೆಯ ಟೆನ್ಷನರ್ ಇರುವ ಗಾಡಿಗಳ ಮಾಲೀಕರಿಗೆ ಏಕೆ ಹೇಳಲಿಲ್ಲ? ಹೋಗಲಿ, ತಾನಾಗಿ ಬಂದು ಕೇಳಿದವನನ್ನಾದರೂ ಏಕೆ ವಾಪಸ್ ಕಳಿಸಿದಿರಿ?

ಎಂಜಿನ್ನಿನ ಪ್ರತಿಯೊಂದು ಭಾಗವನ್ನೂ ಮೊದಲೇ ಕಿತ್ತು ಹೊಸದು ಹಾಕಬೇಕು ಎನ್ನುವವನು ನಾನಲ್ಲ. ಚೆನ್ನಾಗಿ ಓಡುವ ಎಂಜಿನ್ನನ್ನು ಸುಮ್ಮನೆ ಬಿಚ್ಚಿದರೆ ಇಲ್ಲದ ಲೀಕು ಶುರುವಾಗುತ್ತದೆ. ಪಿಸ್ಟನ್ ರಿಂಗು ಸವೆದರೆ ಹೊಗೆ ಬರುತ್ತದೆ, ಕ್ಲಚ್ ಪ್ಲೇಟು ಸವೆದರೆ ಜಾರುತ್ತದೆ, ಎರಡೂ ಬಹಳ ದಿನ ಸಮಯ ಕೊಡುತ್ತವೆ. ಅವನ್ನು ಕಾದು ಬದಲಿಸಿದರೆ ನಷ್ಟವಿಲ್ಲ. ಆದರೆ ತಾನು ಹೋಗುವಾಗ ಪಕ್ಕದ ಭಾಗಗಳನ್ನೂ ಕರೆದುಕೊಂಡು ಹೋಗುವ ಭಾಗಗಳೇ ಬೇರೆ. ಟೆನ್ಷನರ್, ಪ್ಯಾಡು ಆ ಜಾತಿಯವು. ಚಾರ್ಜಿಂಗ್ ಹದ್ದುಮೀರಿ ಬ್ಯಾಟರಿಯನ್ನೇ ಸುಡುವ ರೆಗ್ಯುಲೇಟರೂ ಅದೇ ಜಾತಿ. ಇವುಗಳ ಬೆಲೆಯನ್ನು ಇವು ಹಾಳುಮಾಡುವುದರ ಬೆಲೆಯ ಜೊತೆ ಇಟ್ಟು ನೋಡಬೇಕು. ನಮ್ಮ ಕಡೆ ಬೋರ್‌ವೆಲ್ಲಿನ ಮೋಟಾರು ಮೇಲೆತ್ತಿದರೆ, ಕೆಟ್ಟಿರಲಿ ಬಿಡಲಿ, ಬುಷ್ಷು ಮತ್ತು ಕೇಬಲ್ ಜಾಯಿಂಟ್ ಹೊಸದು ಮಾಡಿಯೇ ಇಳಿಸುತ್ತಾರೆ, ಏಕೆಂದರೆ ಎತ್ತುವ ಖರ್ಚೇ ದೊಡ್ಡದು. 40,000ದ ಸರ್ವಿಸಿನಲ್ಲಿ ಟ್ಯಾಪೆಟ್ (ವಾಲ್ವಿನ ಸಂದು) ಸೆಟ್ ಮಾಡಲು ನನ್ನ ಗಾಡಿಯ ಹೆಡ್ ಕವರ್ ಹೇಗೂ ಬಿಚ್ಚಿದ್ದರು. ಟೆನ್ಷನರ್ ಇರುವುದು ಬೋರಿನ ಹೊರಗೆ, ಎರಡು ಬೋಲ್ಟಿನ ಮೇಲೆ. ಅದೊಂದನ್ನಾದರೂ ಅಂದೇ ಬದಲಿಸಿದ್ದರೆ ಈ ಪತ್ರ ಬರೆಯುವ ಸಂದರ್ಭ ಬರುತ್ತಿರಲಿಲ್ಲ.

ತಮ್ಮ ಮಾಲೀಕರ ಕೈಪಿಡಿಯ ಸರ್ವಿಸ್ ಪಟ್ಟಿಯಲ್ಲಿ ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್‌ಗಳ ಮುಂದೆ ಇಷ್ಟು ಕಿಲೋಮೀಟರಿಗೆ "ಬದಲಿಸಿ" ಎಂದಿದೆ. ಟೈಮಿಂಗ್ ಚೈನು, ಟೆನ್ಷನರಿನ ಹೆಸರೇ ಆ ಪಟ್ಟಿಯಲ್ಲಿಲ್ಲ. ಟೈಮಿಂಗ್ ಬೆಲ್ಟ್ ಇರುವ ಕಾರುಗಳಲ್ಲಿ ಬೆಲ್ಟು ಹರಿಯುವ ಮೊದಲೇ, ಇಂತಿಷ್ಟು ಕಿಲೋಮೀಟರಿಗೆ ಬದಲಿಸಲೇಬೇಕೆಂದು ಕಂಪನಿಗಳೇ ಬರೆದುಕೊಡುತ್ತವೆ. ಬೈಕಿನವರಿಗೆ ಆ ಮಾತನ್ನು ಹೇಳದಿರಲು ಕಾರಣವಿಲ್ಲ. ಈ ಬೈಕುಗಳನ್ನು ಹೆಚ್ಚಾಗಿ ಓಡಿಸುವವರು ಹಾಲಿನವರು, ಲೈನ್‌ಮನ್‌ಗಳು, ನನ್ನಂಥ ಹಳ್ಳಿ ತಿರುಗುವವರು. 40,000 ಕಿಲೋಮೀಟರ್ ನಮಗೆ ಬೇಗ ಬರುತ್ತದೆ.

ಆದ್ದರಿಂದ ನಾನು ಕೇಳುವುದು ಇಷ್ಟು. ವಾಲ್ವು, ಪಿಸ್ಟನ್ನು, ಹೆಡ್ ಕೆಲಸ ಮತ್ತು ಅದರ ಕೂಲಿಯ ಹಣವನ್ನು ಹಿಂದಿರುಗಿಸಬೇಕು. ಮಾಲೀಕ ತನ್ನ ಖರ್ಚಿನಲ್ಲಿ ಟೆನ್ಷನರ್, ಚೈನು, ಪ್ಯಾಡು ಬದಲಿಸಿ ಎಂದು ಕೇಳಿದರೆ ನಿರಾಕರಿಸಬಾರದು, ಬಿಡಿಯಾಗಿ ಕೇಳಿದರೂ ಮಾರಬೇಕು ಎಂದು ಎಲ್ಲ ಸರ್ವಿಸ್ ಸೆಂಟರುಗಳಿಗೆ ಲಿಖಿತ ಸೂಚನೆ ಹೋಗಬೇಕು, ಅದರ ಪ್ರತಿ ನನಗೂ ಬರಬೇಕು. ಹಳೆಯ ಟೆನ್ಷನರ್ ಇರುವ ಗಾಡಿಗಳ ಮಾಲೀಕರಿಗೆ ಕನಿಷ್ಠ ಒಂದು ಮೆಸೇಜಾದರೂ ಕಳಿಸಿ. ಸರ್ವಿಸಿಗೆ ಬನ್ನಿ ಎಂದು ನೆನಪಿಸಲು ನಮ್ಮ ನಂಬರು ತಮ್ಮಲ್ಲಿ ಇದ್ದೇ ಇದೆ. ನನಗೆ ಹಣಕ್ಕಿಂತ ಇವೆರಡು ಮುಖ್ಯ, ಏಕೆಂದರೆ ಇದೇ ಮಾಡೆಲ್, ಇದೇ ಸದ್ದು ನಮ್ಮ ಡೈರಿಗೆ ಬರುವ ಬೇರೆ ಗಾಡಿಗಳಲ್ಲೂ ಕೇಳುತ್ತಿದ್ದೇನೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಲಂ 2(11) ಪ್ರಕಾರ ಗ್ರಾಹಕನಿಗೆ ಸಂಬಂಧಪಟ್ಟ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ತಡೆಹಿಡಿಯುವುದೂ ಸೇವಾ ನ್ಯೂನತೆಯೇ. ಈ ಪತ್ರ ತಲುಪಿದ 30 ದಿನದೊಳಗೆ ಲಿಖಿತ ಉತ್ತರ ಬಾರದಿದ್ದರೆ ದಾವಣಗೆರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿ ದೂರು ದಾಖಲಿಸುತ್ತೇನೆ. ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಲು ಕಾಯ್ದೆಯಲ್ಲಿ ಅವಕಾಶವಿದೆ.

"ಸಾಮಾನ್ಯ" ಎಂದು ಬರೆದ ಜಾಬ್ ಕಾರ್ಡ್, ರಿಪೇರಿ ಬಿಲ್ಲು, ಹೊಸ ಮತ್ತು ಹಳೆಯ ಟೆನ್ಷನರುಗಳ ಪಾರ್ಟ್ ನಂಬರಿನ ಫೋಟೋ, ಹಿಂದಿನ ಎಲ್ಲಾ ಸರ್ವಿಸುಗಳ ರಸೀದಿಗಳ ಪ್ರತಿಗಳನ್ನು ಲಗತ್ತಿಸಿದ್ದೇನೆ. ಕಚ್ಚಿಕೊಂಡ ಟೆನ್ಷನರ್, ಮುರಿದ ಪ್ಯಾಡು, ಬಗ್ಗಿದ ವಾಲ್ವುಗಳು ನನ್ನ ಬಳಿ ಇವೆ. ತಮ್ಮ ಎಂಜಿನಿಯರ್ ಬಂದರೆ ತೋರಿಸುತ್ತೇನೆ, ಆಯೋಗದ ಮುಂದೆ ಹಾಜರುಪಡಿಸಬೇಕಾಗಿರುವುದರಿಂದ ಕೊಟ್ಟು ಕಳಿಸಲಾರೆ.

ಇಂತಿ,
ತಮ್ಮ ಗ್ರಾಹಕ
(ಸಹಿ)