ಗಡಿಯಲ್ಲಿ ಅರ್ಧರ್ಧ, ಒಳಗೆ ಮೊದಲು ಬಂದವರಿಗೆ

ಮಾನ್ಯ ಸಂಪಾದಕರೆ,

ನದಿ ನೀರಿನ ಹಂಚಿಕೆಗೆ ಕೆನಡಾವನ್ನು ನೋಡಿ ಕಲಿಯಿರಿ ಎನ್ನುವವರು ಇದ್ದಾರೆ. 1969ರ ಒಪ್ಪಂದದ ಪ್ರಕಾರ ಆಲ್ಬರ್ಟಾ ಪ್ರಾಂತ್ಯ ತನ್ನಿಂದ ಪೂರ್ವಕ್ಕೆ ಹರಿಯುವ ನದಿಗಳ ಸಹಜ ಹರಿವಿನಲ್ಲಿ ಅರ್ಧವನ್ನು ಪಕ್ಕದ ಸಸ್ಕ್ಯಾಚೆವಾನ್‌ಗೆ ಬಿಡಬೇಕು. ಲೆಕ್ಕ ಪಾಲಿನದು, ಹಾಗಾಗಿ ಬರದ ವರ್ಷದ ಕೊರತೆಯೂ ಇಬ್ಬರಿಗೂ ಹಂಚಿಹೋಗುತ್ತದೆ. ಒಳ್ಳೆಯ ಒಪ್ಪಂದವೇ, ನನ್ನ ತಕರಾರಿಲ್ಲ. ಆದರೆ ಹೊಗಳುವವರು ಆಲ್ಬರ್ಟಾದ ಒಳಗೆ ಇಣುಕುವುದೇ ಇಲ್ಲ.

ಹಾಗೆ ಪೂರ್ವಕ್ಕೆ ಹರಿಯುವ ನದಿಗಳಲ್ಲಿ ಒಂದು ದಕ್ಷಿಣ ಸಸ್ಕ್ಯಾಚೆವಾನ್. ಅದು ಆಗುವುದು ಆಲ್ಬರ್ಟಾದ ಬೋ ಮತ್ತು ಓಲ್ಡ್‌ಮನ್ ನದಿಗಳು ಕೂಡಿದ ಮೇಲೆ. ಎರಡೂ ರಾಕಿ ಬೆಟ್ಟಗಳಿಂದ ಇಳಿಯುತ್ತವೆ. ಆಮೇಲೆ ನೂರಾರು ಕಿಲೋಮೀಟರ್ ಹುಲ್ಲುಬಯಲು, ಅಲ್ಲಿಂದ ನದಿಗೆ ಸೇರುವ ನೀರು ಮಾತ್ರ ತೀರಾ ಕಡಿಮೆ. ಮಳೆ ಕಡಿಮೆ, ಆವಿಯಾಗುವುದು ಜಾಸ್ತಿ, ಮೇಲಾಗಿ ಹಿಂದೆ ಹಿಮದ ಹಾಸು ಕರಗಿ ಹೋಗುವಾಗ ಬಿಟ್ಟ ಸಣ್ಣ ಸಣ್ಣ ಹೊಂಡಗಳು ಬಯಲ ತುಂಬ ಇರುವುದರಿಂದ ಬಿದ್ದ ನೀರು ಅಲ್ಲಲ್ಲೇ ನಿಂತುಬಿಡುತ್ತದೆ. ನಕಾಶೆಯಲ್ಲಿ ಜಲಾನಯನ ಎಂದು ಬಣ್ಣ ಹಚ್ಚಿದ ಎಷ್ಟೋ ಜಾಗದಿಂದ ಸಾಮಾನ್ಯ ವರ್ಷದಲ್ಲಿ ನದಿಗೆ ಹನಿ ನೀರೂ ಬರುವುದಿಲ್ಲ! ಹಾಗಾಗಿ ಎಲ್ಲರೂ ಬೆಟ್ಟದ ಹಿಮವನ್ನೇ ನಂಬಬೇಕು. ಅದು ಮೇ, ಜೂನ್‌ನಲ್ಲಿ ಕರಗಿ ನುಗ್ಗುತ್ತದೆ, ಬೆಳೆ ನೀರು ಕೇಳುವುದು ಜುಲೈ, ಆಗಸ್ಟ್‌ನಲ್ಲೂ. ಅಷ್ಟೊಂದು ಜಲಾಶಯಗಳು ಸುಮ್ನೆ ಕಟ್ಟಿದ್ದಲ್ಲ.

ಈ ನದಿಗಳಿಂದ ಆಲ್ಬರ್ಟಾ ತೆಗೆದುಕೊಳ್ಳುವ ನೀರಿನ ಬಹುಪಾಲು ಹೋಗುವುದು ನೀರಾವರಿಗೆ. 1894ರ ಕಾನೂನಿನಿಂದ ಬಂದ ಪದ್ಧತಿ ಏನೆಂದರೆ, ಮೊದಲು ಪರವಾನಗಿ ಪಡೆದವರಿಗೆ ಮೊದಲು ನೀರು. ಬರ ಬಂದರೆ ಹಳಬರು ತಮ್ಮ ಪಾಲು ಪೂರ್ತಿ ತೆಗೆದುಕೊಳ್ಳಬಹುದು, ಉಳಿದರೆ ಹೊಸಬರಿಗೆ. ಅದಕ್ಕೂ ಮೊದಲೇ ಆ ನದಿಗಳ ದಂಡೆಯಲ್ಲಿದ್ದ ಸಿಕ್ಸಿಕಾ, ಪಿಕಾನಿ ಎಂಬ ಮೂಲನಿವಾಸಿ ಜನರೇನು ಆ ಸಾಲಿನ ಮುಂದೆ ನಿಂತಿಲ್ಲ. ಮೊದಲು ಬಂದವರು ಯಾರು ಎಂದು ಬರೆದುಕೊಂಡವರೇ ಬೇರೆ, ಅಲ್ವಾ? 2006ರಲ್ಲಿ ಬೋ, ಓಲ್ಡ್‌ಮನ್, ದಕ್ಷಿಣ ಸಸ್ಕ್ಯಾಚೆವಾನ್ ಪಾತ್ರಗಳಲ್ಲಿ ಹೊಸ ಅರ್ಜಿಗಳನ್ನೇ ನಿಲ್ಲಿಸಿದರು. ಈಗ ಹೊಸದಾಗಿ ನೀರು ಬೇಕಾದ ಊರು ಹಳೆ ಪರವಾನಗಿಯವರ ಹತ್ತಿರ ಹೋಗಿ ಕೊಳ್ಳಬೇಕು. ಹಾಗೆ ಕೈ ಬದಲಾಗುವಾಗ ನದಿಗೇ ಇರಲಿ ಎಂದು ಸರ್ಕಾರ ಶೇ 10ರವರೆಗೆ ಹಿಡಿದಿಟ್ಟುಕೊಳ್ಳಬಹುದು, ಅಷ್ಟು ಮಟ್ಟಿಗೆ ಮೆಚ್ಚಬೇಕು.

2001ರ ಬರದಲ್ಲಿ, ಮತ್ತೆ 2024ರಲ್ಲಿ ಹಳೆ ಪರವಾನಗಿಯವರು ಕಡಿಮೆ ನೀರು ತೆಗೆದುಕೊಂಡು ಹಂಚಿಕೊಳ್ಳಲು ಒಪ್ಪಿದರು. ಒಪ್ಪಿದರು ಸರಿ, ಆದರೆ ಅದು ಅವರ ಮನಸ್ಸಿಗೆ ಬಿಟ್ಟಿದ್ದು. ಎರಡು ಪ್ರಾಂತ್ಯಗಳ ನಡುವೆ ಕೊರತೆ ಹಂಚುವುದು ನಿಯಮವಾಗಬಹುದಾದರೆ ಒಂದೇ ನದಿಯ ಹಳೆ, ಹೊಸ ಪರವಾನಗಿಯವರ ನಡುವೆ, ರೈತರಿಗೂ ಊರಿಗೂ ನಡುವೆ ಯಾಕಾಗಬಾರದು? ಕೆನಡಾ ಮಾದರಿ ಎಂದು ಬರೆಯುವವರು ಮುಂದಿನ ಸಲ ಇದನ್ನೂ ಸೇರಿಸಿ ಬರೆಯಲಿ.

- ಒಬ್ಬ ಓದುಗ