ಕ್ಯುಪರ್ಟಿನೊ ಮತ್ತು ಕಿನ್ನಿಕಂಬಳ

ಅಮೆರಿಕದ ಕ್ಯುಪರ್ಟಿನೊ ನಗರದಲ್ಲಿ ನೆಲೆಯಿರುವ ಆಪಲ್ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದ ಸ್ಟೀವ್ ಜಾಬ್ಸ್ ತಮ್ಮ 56ನೆಯ ವಯಸ್ಸಿನಲ್ಲಿ ತೀರಿಕೊಂಡದ್ದು 2011ರ ಅಕ್ಟೋಬರ್ 5ರಂದು. ಅವರ ಹೆಸರೆತ್ತಿದರೆ ಎಲ್ಲರಿಗೂ ಮೊದಲು ನೆನಪಾಗುವುದು ಐಫೋನು. ಆದರೆ ಪರದೇಶದಲ್ಲಿ ಕುಳಿತು ಕನ್ನಡ ಪತ್ರಿಕೆಯೊಂದರ ಪುಟ ಕಟ್ಟುವ ನನ್ನಂಥವರಿಗೆ ಅವರ ಹಿರಿಮೆ ಕಾಣಿಸುವುದು ಅದಕ್ಕೂ ಹಿಂದಿನ ಎರಡು ಯಂತ್ರಗಳಲ್ಲಿ: 1984ರ ಮ್ಯಾಕಿಂಟಾಷ್ ಗಣಕ ಮತ್ತು ಮರುವರ್ಷ ಬಂದ ಲೇಸರ್‌ರೈಟರ್ ಮುದ್ರಕ.

ಅವರ ಬದುಕಿನ ಕಥೆ ನಮ್ಮ ಓದುಗರಿಗೆ ಹೊಸತಲ್ಲ. 1955ರಲ್ಲಿ ಹುಟ್ಟಿ, ದತ್ತು ಹೋಗಿ ಬೆಳೆದ ಹುಡುಗ ಪೋರ್ಟ್‌ಲ್ಯಾಂಡಿನ ರೀಡ್ ಕಾಲೇಜು ಸೇರಿ ಒಂದೇ ಅವಧಿಗೆ ಓದು ಬಿಟ್ಟ. 1974ರಲ್ಲಿ ಕೈಂಚಿಯ ನೀಮ್ ಕರೋಲಿ ಬಾಬಾ ಅವರನ್ನು ಕಾಣಲೆಂದು ಭಾರತಕ್ಕೆ ಬಂದ, ಆದರೆ ಬಾಬಾ ಹಿಂದಿನ ವರ್ಷವೇ ದೇಹ ಬಿಟ್ಟಿದ್ದರು. 1976ರಲ್ಲಿ ಗೆಳೆಯ ಸ್ಟೀವ್ ವಾಜ್ನಿಯಾಕ್ ಜೊತೆಗೂಡಿ ಆಪಲ್ ಕಟ್ಟಿದ. 1985ರಲ್ಲಿ ಅಲ್ಲಿಂದ ಹೊರಬಿದ್ದು 1997ರಲ್ಲಿ ಮರಳಿದ. ಇವೆಲ್ಲದರ ನಡುವೆ ನಾನು ನಿಲ್ಲಬಯಸುವುದು ರೀಡ್ ಕಾಲೇಜಿನ ಅಕ್ಷರಕಲೆಯ ತರಗತಿಯಲ್ಲಿ. ಶುಲ್ಕ ಕಟ್ಟುವುದನ್ನು ನಿಲ್ಲಿಸಿದ ಮೇಲೂ ಅವರು ಆ ತರಗತಿಗೆ ಹೋಗಿ ಕುಳಿತು, ಅಕ್ಷರಗಳ ನಡುವಿನ ಅಂತರ ಪುಟಕ್ಕೆ ಎಂಥ ಅಂದ ಕೊಡುತ್ತದೆ ಎಂಬುದನ್ನು ಕಲಿತರು. ಆ ಪಾಠವಿಲ್ಲದಿದ್ದರೆ ಮ್ಯಾಕಿಂಟಾಷಿಗೆ ಬಗೆಬಗೆಯ ಅಕ್ಷರಶೈಲಿಗಳು ಬರುತ್ತಲೇ ಇರಲಿಲ್ಲ ಎಂದು 2005ರ ಸ್ಟ್ಯಾನ್‌ಫರ್ಡ್ ಭಾಷಣದಲ್ಲಿ ಅವರೇ ಹೇಳಿಕೊಂಡಿದ್ದಾರೆ. ಇದರಲ್ಲಿ ತುಸು ಅತಿಶಯವಿದೆ. ಪರದೆಯ ಮೇಲೆ ಅಂದದ ಅಕ್ಷರ ಮೂಡಿಸುವ ಕೆಲಸ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಮೊದಲೇ ನಡೆದಿತ್ತು, ಜಾಬ್ಸ್ 1979ರಲ್ಲಿ ಅದನ್ನು ಕಣ್ಣಾರೆ ಕಂಡಿದ್ದರು. ಆದರೂ ಕಂಡದ್ದನ್ನು ಪ್ರಯೋಗಾಲಯದ ಗೋಡೆಯಿಂದಾಚೆಗೆ, ಸಣ್ಣ ಮುದ್ರಣಾಲಯದವನ ಮೇಜಿನ ತನಕ ತಂದ ಶ್ರೇಯಸ್ಸು ಅವರಿಗೆ ಸಲ್ಲಬೇಕು.

ಈ ಕೆಲಸದ ಬೆಲೆ ಮಂಗಳೂರಿನವರಿಗೆ ಹೆಚ್ಚು ಅರ್ಥವಾದೀತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಕಲ್ಲಚ್ಚಿನಲ್ಲಿ ಹೊರಬಂದದ್ದು ನಮ್ಮೂರಿನಿಂದ. ಕಿಟೆಲ್ ಅವರ ನಿಘಂಟು 1894ರಲ್ಲಿ ಅಚ್ಚಾದದ್ದು ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಕಾಗುಣಿತ, ಒತ್ತಕ್ಷರಗಳಿಂದಾಗಿ ಕನ್ನಡಕ್ಕೆ ನೂರಾರು ಬಗೆಯ ಅಚ್ಚುಮೊಳೆಗಳು ಬೇಕಾಗುತ್ತಿದ್ದುದರಿಂದ ಒಂದು ಪುಟ ಜೋಡಿಸುವುದೆಂದರೆ ಕಣ್ಣು, ಬೆನ್ನು ಎರಡೂ ಸೋಲುವ ದುಡಿಮೆಯಾಗಿತ್ತು. ಮುಂದೆ ಹಂಪನಕಟ್ಟೆಯ ಓಣಿಗಳಲ್ಲೂ ಉಡುಪಿಯ ರಥಬೀದಿಯ ಆಸುಪಾಸಿನಲ್ಲೂ ‘ಡಿಟಿಪಿ, ಜೆರಾಕ್ಸ್’ ಎಂಬ ಫಲಕಗಳು ತೂಗಿದವು; ಡಿಟಿಪಿ ಎಂದರೆ ಮೇಜಿನ ಮೇಲಿನ ಗಣಕದಲ್ಲೇ ಪುಟ ಕಟ್ಟುವ ಕೆಲಸ. ಮದುವೆಯ ಕಾಗದ, ಬ್ರಹ್ಮಕಲಶದ ಆಮಂತ್ರಣ, ಬಯಲಾಟದ ಕರಪತ್ರ ಎಲ್ಲವೂ ಅಲ್ಲೇ ಸಿದ್ಧವಾದವು. ಆ ಅಂಗಡಿಗಳಲ್ಲಿ ಆಪಲ್ ಯಂತ್ರ ಕಂಡದ್ದು ಅಪರೂಪ, ಅದರ ಬೆಲೆ ನಮ್ಮವರಿಗೆ ಎಟುಕುವಂತಿರಲಿಲ್ಲ. ಆದರೆ ಅಲ್ಲಿ ಪುಟ ಕಟ್ಟಲು ಬಳಕೆಯಲ್ಲಿದ್ದ ಪೇಜ್‌ಮೇಕರ್ 1985ರಲ್ಲಿ ಮ್ಯಾಕಿಂಟಾಷಿಗಾಗಿಯೇ ಹುಟ್ಟಿದ ತಂತ್ರಾಂಶ.

ಇಷ್ಟಾದರೂ ಜಾಬ್ಸ್ ಅವರ ಅಕ್ಷರಪ್ರೀತಿ ಲ್ಯಾಟಿನ್ ಲಿಪಿಯ ಅಂಚಿಗೆ ಬಂದು ನಿಂತಿತ್ತು ಎಂಬುದನ್ನು ಹೇಳದಿರಲಾಗದು. ಅವರು ಬದುಕಿರುವವರೆಗೆ ಐಫೋನಿನಲ್ಲಿ ಕನ್ನಡದ ಕೀಲಿಮಣೆ ಇರಲಿಲ್ಲ. ಲೋಕದ ಲಿಪಿಗಳ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಗೊತ್ತುಮಾಡಿ ಕನ್ನಡಕ್ಕೂ ಜಾಗ ಕೊಟ್ಟ ಯೂನಿಕೋಡ್ ವ್ಯವಸ್ಥೆ ಮೊಳೆತದ್ದು ಜೆರಾಕ್ಸ್ ಮತ್ತು ಆಪಲ್ ಎಂಜಿನಿಯರುಗಳ ನಡುವೆಯೇ. ವಿಚಿತ್ರವೆಂದರೆ ಆಗ ಜಾಬ್ಸ್ ಆಪಲ್‌ನಲ್ಲಿರಲಿಲ್ಲ.

ಕನ್ನಡದ ಕೀಲಿಮಣೆಯ ಸಮಸ್ಯೆಯನ್ನು ಬಿಡಿಸಿದವರು ಮಂಗಳೂರು ಸಮೀಪದ ಕಿನ್ನಿಕಂಬಳದಲ್ಲಿ 1940ರಲ್ಲಿ ಹುಟ್ಟಿದ ಕೆ. ಪಿ. ರಾವ್. ನೂರಾರು ಮೊಳೆಗಳ ಲಿಪಿಯನ್ನು ಅವರು ಇಂಗ್ಲಿಷ್ ಕೀಲಿಮಣೆಯ 26 ಗುಂಡಿಗಳಿಗೆ ಇಳಿಸಿದರು. ಒಂದೇ ಗುಂಡಿ ಪದದ ಮೊದಲಲ್ಲಿ ಸ್ವರವಾಗುತ್ತದೆ, ವ್ಯಂಜನದ ಬಳಿಕ ಗುಣಿತದ ಚಿಹ್ನೆಯಾಗುತ್ತದೆ. ‘ಉಡುಪಿ’ ಎಂದು ಬರೆಯಲು ಯು, ಡಬ್ಲ್ಯೂ, ಯು, ಪಿ, ಐ ಒತ್ತಿದರೆ ಸಾಕು. ‘ಅಕ್ಕ’ ಎಂಬಲ್ಲಿನ ಒತ್ತಕ್ಷರಕ್ಕೆ ಎರಡು ‘ಕ’ಗಳ ನಡುವೆ ಎಫ್ ಒತ್ತಬೇಕು. ನಾವು ಶಾಲೆಯಲ್ಲಿ ಕಲಿತ ಕಾಗುಣಿತದ ಕ್ರಮವೇ ಬೆರಳಿಗೆ ಇಳಿದಂತಿರುವ ಈ ವಿನ್ಯಾಸವನ್ನು ರಾಜ್ಯ ಸರಕಾರವೂ ಮಾನ್ಯ ಮಾಡಿತು, ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶವೂ ಬಳಸಿಕೊಂಡಿತು. ರಾವ್ ಅವರು ಇದಕ್ಕೆ ಹಕ್ಕುಸ್ವಾಮ್ಯ ಹೂಡಿ ಹಣ ಕೇಳಲಿಲ್ಲ. ಜಾಬ್ಸ್ ತಾವು ಮಾಡಿದ್ದಕ್ಕೆಲ್ಲ ಬಿಗಿಯಾದ ಬೇಲಿ ಹಾಕಿದವರು, ಆ ಬೇಲಿಯಿಂದಲೇ ಅವರ ಸಾಮಾನುಗಳಿಗೆ ಅಚ್ಚುಕಟ್ಟು ಬಂತು ಎಂದು ವಾದಿಸುವವರ ಮಾತನ್ನು ನಾನು ತಳ್ಳಿಹಾಕಲಾರೆ. ಆದರೆ ಕೊಳ್ಳುವವರು ಕಡಿಮೆಯಿರುವ ನಮ್ಮಂಥ ಭಾಷೆಗೆ ಬೇಲಿಯಿಲ್ಲದ ತೋಟವೇ ಹೆಚ್ಚು ಒದಗಿತು ಎಂಬುದು ನನ್ನ ಅಭಿಪ್ರಾಯ.

ಮುಂದಿನ ಸಂಚಿಕೆ ರಾಜ್ಯೋತ್ಸವ ವಿಶೇಷ. ಕೈಬರಹದ ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳುಹಿಸುವ ಹಿರಿಯರಿಗೆ ಎಂದಿನಂತೆ ಸ್ವಾಗತವಿದೆ. ಟೈಪ್ ಮಾಡಬಲ್ಲವರು ಮಾತ್ರ ದಯವಿಟ್ಟು ಲೇಖನವನ್ನು ಯೂನಿಕೋಡ್ ಕನ್ನಡದಲ್ಲೇ ಕಳುಹಿಸಿಕೊಡಿ.